ಗೇಟಿನ ರಿಜಿಸ್ಟರ್‌ನಿಂದ ಶುರು ಮಾಡಿ: ಸಣ್ಣ ಕಾರ್ಖಾನೆಗೆ ಯಾವ ಸಾಫ್ಟ್‌ವೇರ್, ಬದಲಾಗುವುದು ಹೇಗೆ, ಕಲಿಸುವುದು ಹೇಗೆ

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಗೇಟಿನಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಕೆಂಪು ರಟ್ಟಿನದು, ಅವೆನ್ಯೂ ರಸ್ತೆಯಿಂದ ತಂದಿದ್ದು. ಸರಕು ಬಂದ ತಕ್ಷಣ ಸ್ಟೋರ್ಸ್ ನೋಡಿಕೊಳ್ಳುವ ಗೌಡ್ರು ಅದರಲ್ಲಿ ಬರೆಯುತ್ತಿದ್ದರು. ದಿನಾಂಕ, ಡಿಸಿ (ಮಾಲಿನ ಜೊತೆ ಬರುವ ಡೆಲಿವರಿ ಚಲನ್) ನಂಬರ್, ಮಾಲು ಕಳಿಸಿದ ಪಾರ್ಟಿ ಹೆಸರು, ಎಷ್ಟು ಬಂತು, ಗಾಡಿ ನಂಬರ್. ಕೊನೆಯ ಕಾಲಂಗೆ ಮಾತ್ರ ಹೆಸರಿರಲಿಲ್ಲ. ಅಲ್ಲಿ ಗೌಡ್ರು ತಮ್ಮದೇ ಗುರುತು ಹಾಕುತ್ತಿದ್ದರು. ಒಂದು ಚುಕ್ಕೆ ಅಂದರೆ ಮಾಲು ಸರಿ ಇದೆ. ಎರಡು ಚುಕ್ಕೆ ಅಂದರೆ ತೂಕ ಕಮ್ಮಿ. ಸುತ್ತು ಹಾಕಿದ್ದರೆ ಪಾರ್ಟಿಗೆ ಫೋನ್ ಮಾಡಬೇಕು.

ನಾವು ಐದು ತಿಂಗಳು ಕೂತು ಸಾಫ್ಟ್‌ವೇರ್ ಹೋಲಿಸಿದೆವು. ಡೆಮೊ ನೋಡಿದ್ದೇನು, ಕೊಟೇಶನ್ ತರಿಸಿದ್ದೇನು, ಎಕ್ಸೆಲ್ ಶೀಟಿನಲ್ಲಿ ಟಿಕ್ ಹಾಕಿದ್ದೇನು! ಹೊಸದಕ್ಕೆ ಯಾವತ್ತು, ಹೇಗೆ ಹೋಗುವುದು ಅಂತ ಮಾತಾಡಿದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಗೌಡ್ರಿಗೆ ಯಾರು ಕಲಿಸುತ್ತಾರೆ ಅಂತ ಮಾತಾಡಲೇ ಇಲ್ಲ. ಹೆಸರಿಲ್ಲದ ಆ ಕಾಲಂ ಹೊಸ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಮೂರನೇ ವಾರಕ್ಕೆ ಗೌಡ್ರು ಮತ್ತೆ ರಿಜಿಸ್ಟರ್ ತೆಗೆದರು. ಕಂಪ್ಯೂಟರಿನಲ್ಲಿ ಒಂದು ಸ್ಟಾಕ್, ರ‍್ಯಾಕಿನಲ್ಲಿ ಇನ್ನೊಂದು ಸ್ಟಾಕ್.

ಆಮೇಲೆ ಇಂಥದೇ ಕೆಲಸ ಇನ್ನೂ ಐದಾರು ಕಡೆ ಮಾಡಿದೆ. ಎಲ್ಲವೂ ಇಪ್ಪತ್ತರಿಂದ ಅರವತ್ತು ಜನರ ಘಟಕಗಳು, ಜೊತೆಗೆ ಚಿಕ್ಕಪೇಟೆಯ ಒಂದು ಹೋಲ್‌ಸೇಲ್ ಸೀರೆ ಅಂಗಡಿ. ಈಗ ನನ್ನ ಲೆಕ್ಕ ಇಷ್ಟು: ಸಾಫ್ಟ್‌ವೇರ್ ಆರಿಸಲು ಎಷ್ಟು ತಲೆ ಕೆಡಿಸಿಕೊಳ್ಳುತ್ತೀರೋ, ಬದಲಾಗುವ ರೀತಿ ಮತ್ತು ಕಲಿಸುವ ರೀತಿ ಆರಿಸಲು ಅದಕ್ಕಿಂತ ಜಾಸ್ತಿ ಕೆಡಿಸಿಕೊಳ್ಳಬೇಕು. ಹಾಗಾಗಿ ಇಲ್ಲಿ ಮೂರನ್ನೂ ಹೋಲಿಸಿದ್ದೇನೆ. ಮೊದಲನೆಯದನ್ನು ಬೇಗ ಮುಗಿಸುತ್ತೇನೆ.

ಸಾಫ್ಟ್‌ವೇರ್: ಐದು ದಾರಿ

ಎಕ್ಸೆಲ್ ಅನ್ನು ಬೈಯುವುದು ಈಗ ಫ್ಯಾಷನ್. ನಾನು ಬೈಯುವುದಿಲ್ಲ. ಹತ್ತು ಜನರ ಘಟಕ, ಇನ್ನೂರು ಮುನ್ನೂರು ಐಟಂ, ಟೈಪ್ ಮಾಡುವವರು ಒಬ್ಬರೇ ಅಂದರೆ ಸ್ಟಾಕ್ ನೋಡಿಕೊಳ್ಳಲು ಅದೇ ಸಾಕು. ಇಬ್ಬರು ಟೈಪ್ ಮಾಡಲು ಶುರು ಮಾಡಿದ ದಿನ ಕೆಡುತ್ತದೆ. ‘ಸ್ಟಾಕ್ ಫೈನಲ್’, ‘ಸ್ಟಾಕ್ ಫೈನಲ್ ಹೊಸದು’, ‘ಸ್ಟಾಕ್ ಫೈನಲ್ ಇದೇ ನೋಡಿ’ ಅಂತ ಮೂರು ಫೈಲ್ ಕಂಡರೆ ಅದಕ್ಕೆ ಕೈ ಮುಗಿಯುವ ಹೊತ್ತಾಯಿತು ಅಂತ ಅರ್ಥ. ಇನ್ನೊಂದು ಮಾತು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕ ಇಡುವ ಸಾಫ್ಟ್‌ವೇರಿನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಅನ್ನುವ ದಾಖಲೆ ತಾನಾಗಿ ಉಳಿಯಬೇಕು. ಅದನ್ನು ಆಫ್ ಮಾಡಲು ಬರಬಾರದು. ಎಕ್ಸೆಲ್ ಶೀಟಿನಲ್ಲಿ ಖಾತೆ ಇಟ್ಟರೆ ಆಡಿಟರ್ ಒಪ್ಪುವುದಿಲ್ಲ.

ಟ್ಯಾಲಿ ನಮ್ಮೂರಿನದೇ. ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದರು. 1986ರಲ್ಲಿ ಕಂಪನಿ ಶುರುವಾಯಿತು. ಅದರ ಬೇರು ಇರುವುದು ಲೆಕ್ಕಪತ್ರದಲ್ಲಿ. ಅದೇ ಅದರ ಬಲ. ಅಕೌಂಟೆಂಟ್ ಕೆಲಸ ಬಿಟ್ಟರೆ ಇನ್ನೊಬ್ಬರು ವಾರದಲ್ಲಿ ಸಿಗುತ್ತಾರೆ, ಬಂದವರಿಗೆ ಟ್ಯಾಲಿ ಗೊತ್ತಿರುತ್ತದೆ, ನಿಮ್ಮ ಸಿಎಗೂ ಗೊತ್ತಿರುತ್ತದೆ. ಸ್ಟಾಕ್, ಜಾಬ್ ವರ್ಕ್ (ಹೊರಗೆ ಕೊಟ್ಟು ಮಾಡಿಸುವ ಕೆಲಸ) ಎರಡೂ ಅದರಲ್ಲಿವೆ. ಆದರೆ ‘ಈ ಆರ್ಡರ್ ಈಗ ಯಾವ ಮೆಷಿನ್ ಮೇಲಿದೆ’ ಅಂತ ಓನರ್ ಕೇಳಿದರೆ ಉತ್ತರ ಸುಲಭವಾಗಿ ಬರುವುದಿಲ್ಲ. ಬರಬೇಕೆಂದರೆ ಟ್ಯಾಲಿ ಮಾರಿ ಹಾಕಿಕೊಡುವ ಪಾರ್ಟ್ನರ್‌ಗೆ ದುಡ್ಡು ಕೊಟ್ಟು ಬದಲಾಯಿಸಿಕೊಳ್ಳಬೇಕು.

ತಿಂಗಳಿಗೆ ಇಷ್ಟು, ತಲೆಗೆ ಇಷ್ಟು ಅಂತ ಕಟ್ಟುವ ಕ್ಲೌಡ್ ಸಾಫ್ಟ್‌ವೇರ್‌ಗಳು ಮೂರನೇ ದಾರಿ. ಚೆನ್ನೈನ ಜೋಹೊ ಈ ಗುಂಪಿನದು. ಮೊಬೈಲಿನಲ್ಲಿ ತೆರೆಯುತ್ತದೆ, ಸರ್ವರ್ ಇಟ್ಟುಕೊಳ್ಳುವ ತಲೆನೋವಿಲ್ಲ. ತೊಂದರೆ ಬರುವುದು ‘ತಲೆಗೆ ಇಷ್ಟು’ ಅನ್ನುವ ಜಾಗದಲ್ಲಿ. ಗೇಟಿಗೆ ಒಂದು ಲಾಗಿನ್, ಸ್ಟೋರ್ಸ್‌ಗೆ ಒಂದು, ಕ್ವಾಲಿಟಿಗೆ ಒಂದು, ಡಿಸ್ಪ್ಯಾಚ್‌ಗೆ ಒಂದು ಬೇಕು. ದುಡ್ಡು ಉಳಿಸಲು ನಾಲ್ವರೂ ಒಂದೇ ಲಾಗಿನ್ ಬಳಸುತ್ತಾರೆ. ಸ್ಟಾಕ್ ತಪ್ಪಿದ ದಿನ ಎಂಟ್ರಿ ಮಾಡಿದ್ದು ಯಾರು ಅಂತ ನೋಡಿದರೆ ಎಲ್ಲ ಕಡೆ ಓನರ್ ಹೆಸರು! ಕೊಟೇಶನ್ ಹೋಲಿಸುವಾಗ ಇವತ್ತು ಎಷ್ಟು ಜನ ಅಂತಲ್ಲ, ನಿಜಕ್ಕೂ ಎಷ್ಟು ಲಾಗಿನ್ ಬೇಕು ಅಂತ ಎಣಿಸಿ.

ನಾಲ್ಕನೆಯದು ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್. ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಮತ್ತು ಬೆಲ್ಜಿಯಂನ ಓಡೂ ಇಲ್ಲಿ ಜಾಸ್ತಿ ಕೇಳಿಬರುವ ಹೆಸರುಗಳು. ಇಆರ್‌ಪಿನೆಕ್ಸ್ಟ್‌ಗೆ ಲೈಸೆನ್ಸ್ ಶುಲ್ಕ ಇಲ್ಲ. ಓಡೂವಿನಲ್ಲಿ ಪುಕ್ಕಟೆ ಕಮ್ಯೂನಿಟಿ ಆವೃತ್ತಿ ಇದೆ, ಆದರೆ ಪೂರ್ತಿ ಅಕೌಂಟಿಂಗ್ ಬೇಕೆಂದರೆ ದುಡ್ಡು ಕೊಡುವ ಎಂಟರ್‌ಪ್ರೈಸ್‌ಗೆ ಹೋಗಬೇಕು. ಎರಡರಲ್ಲೂ ಬಿಲ್ ಆಫ್ ಮೆಟೀರಿಯಲ್ (ಒಂದು ಐಟಂ ಮಾಡಲು ಬೇಕಾದ ಮಾಲಿನ ಪಟ್ಟಿ), ವರ್ಕ್ ಆರ್ಡರ್, ಹೊರಗೆ ಕೊಟ್ಟು ಮಾಡಿಸುವ ಕೆಲಸ ಎಲ್ಲ ಇದೆ. ಕಾರ್ಖಾನೆಯ ಕೆಲಸಕ್ಕೆ ನನಗೆ ಇವೇ ಇಷ್ಟ. ಆದರೆ ಸಾಫ್ಟ್‌ವೇರ್ ಪುಕ್ಕಟೆ ಅಂದರೆ ಹಾಕಿಕೊಡುವವರು ಪುಕ್ಕಟೆ ಅಲ್ಲ. ಹಾಕಿಕೊಟ್ಟವರು ನಡುವೆ ಕೈಬಿಟ್ಟರೆ ಮುಂದುವರಿಸುವವರು ಊರಲ್ಲಿ ಇನ್ನಿಬ್ಬರಾದರೂ ಇದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಐದನೆಯದು ನಮ್ಮ ಬೆಂಗಳೂರಿನ ದೌರ್ಬಲ್ಯ. ‘ನಮ್ಮ ಭಾವನ ಮಗ ಇಂಜಿನಿಯರ್, ಅವನೇ ಬರೆದುಕೊಡ್ತಾನೆ.’ ನಿಜ, ಬರೆದುಕೊಡುತ್ತಾನೆ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ಆದರೆ ಕಾನೂನು ನಿಲ್ಲುವುದಿಲ್ಲ. ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ ಶುರುವಾದಾಗ 500 ಕೋಟಿ ವಹಿವಾಟು ಮೀರಿದವರಿಗೆ ಮಾತ್ರ ಇತ್ತು. 100 ಕೋಟಿ, 50, 20, 10 ಅಂತ ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಮೂರು ವರ್ಷವೂ ಆಗಿರಲಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳೇ ಬದಲಾದವು. ಪ್ರತಿ ಸಲವೂ ಸಾಫ್ಟ್‌ವೇರ್ ತಿದ್ದಬೇಕು. ಭಾವನ ಮಗ ಅಷ್ಟೊತ್ತಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿರುತ್ತಾನೆ, ಭಾನುವಾರ ಮಾತ್ರ ಫೋನ್ ಎತ್ತುತ್ತಾನೆ.

ಯಾವುದೇ ಡೆಮೊಗೆ ಹೋದರೂ ಅವರ ಡೇಟಾ ನೋಡಬೇಡಿ. ನಿಮ್ಮ ಗೇಟಿನ ರಿಜಿಸ್ಟರ್‌ನ ಒಂದು ಪುಟ ಒಯ್ಯಿರಿ. ಪೀಣ್ಯದ ಕೆಲಸವೇ ಹಾಗೆ: ಟರ್ನಿಂಗ್ ನಮ್ಮಲ್ಲಿ, ಹೀಟ್ ಟ್ರೀಟ್‌ಮೆಂಟ್ ಪಕ್ಕದ ರಸ್ತೆಯಲ್ಲಿ, ಪ್ಲೇಟಿಂಗ್ ಇನ್ನೊಂದು ಕಡೆ. ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ. ‘ನೂರು ಪೀಸ್ ಪ್ಲೇಟಿಂಗ್‌ಗೆ ಕಳಿಸಿದೆ. ಮೂರು ಕಂತಿನಲ್ಲಿ ತೊಂಬತ್ತೆಂಟು ವಾಪಸ್ ಬಂತು. ಅದರಲ್ಲಿ ಎರಡು ರಿಜೆಕ್ಟ್. ಈಗ ನನ್ನ ಸ್ಟಾಕ್ ಎಷ್ಟು, ಪ್ಲೇಟಿಂಗ್‌ನವರ ಹತ್ತಿರ ಎಷ್ಟು, ತೋರಿಸಿ.’ ಜಾಬ್ ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಅದನ್ನು ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. ಜಿಎಸ್‌ಟಿಯ ಐಟಿಸಿ-04 ಫಾರಂನಲ್ಲೂ ಇದೇ ಲೆಕ್ಕ ಕೊಡಬೇಕು. ಆ ಪ್ರಶ್ನೆಗೆ ‘ಅದನ್ನು ಆಮೇಲೆ ಕಸ್ಟಮೈಸ್ ಮಾಡಿಕೊಡ್ತೀವಿ ಸರ್’ ಅಂದರೆ ಕಾಫಿ ಕುಡಿದು ಎದ್ದು ಬನ್ನಿ.

ಬದಲಾಗುವುದು: ಒಂದೇ ಸಲವೋ, ಜೊತೆಜೊತೆಗೋ, ಹಂತಹಂತವಾಗಿಯೋ

ಒಂದೇ ಸಲ ಬದಲಾಗುವುದಕ್ಕೆ ಬಿಗ್ ಬ್ಯಾಂಗ್ ಅನ್ನುತ್ತಾರೆ. ನಾವೆಲ್ಲ ಅದನ್ನು ಒಂದು ಸಲ ಅನುಭವಿಸಿದ್ದೇವೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಹಿಂದಿನ ರಾತ್ರಿಯವರೆಗೆ ವ್ಯಾಟ್, ಎಕ್ಸೈಸ್. ದೇಶಕ್ಕೆ ಬೇರೆ ದಾರಿ ಇರಲಿಲ್ಲ. ಅರ್ಧ ಜನ ಹಳೇ ತೆರಿಗೆ, ಅರ್ಧ ಜನ ಹೊಸದು ಅಂದರೆ ಬಿಲ್ ಮಾಡುವುದು ಹೇಗೆ? ಸಣ್ಣ ಅಂಗಡಿಗೆ, ಒಂದೇ ಕೌಂಟರ್ ಇರುವ ಕಡೆ ಇದೇ ಒಳ್ಳೆಯದು. ಒಂದು ವಾರ ನೋವು, ಆಮೇಲೆ ಮುಗಿಯಿತು.

ಆದರೆ ದಿನ ಆರಿಸುವುದರಲ್ಲಿ ಎಡವಬಾರದು. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರಲ್ಲಿ ಮೂರು ದೊಡ್ಡ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಶುರು ಮಾಡಿತು. ಖರ್ಚು 11.2 ಕೋಟಿ ಡಾಲರ್. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಒತ್ತಿದ್ದರು. ಶುರುವಾಗಿದ್ದು ಜುಲೈನಲ್ಲಿ, ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬದ ಆರ್ಡರ್‌ಗಳು ಬಂದು ಬೀಳುವ ಹೊತ್ತು. ಗೋಡೌನಿನಲ್ಲಿ ಚಾಕೊಲೇಟ್ ಇತ್ತು, ಆದರೆ ಸುಮಾರು 10 ಕೋಟಿ ಡಾಲರ್ ಬೆಲೆಯ ಆರ್ಡರ್‌ಗಳನ್ನು ಕಳಿಸಲು ಆಗಲಿಲ್ಲ. ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೆ ನಾನು ಈ ಕಥೆ ಹೇಳಿದಾಗ ಅವರು ನಕ್ಕು, ‘ಶ್ರಾವಣದಲ್ಲಿ ನಮ್ಮ ಅಂಗಡಿಗೆ ಸುಣ್ಣ ಬಳಿಸೋದಿಲ್ಲ, ಕಂಪ್ಯೂಟರ್ ಬದಲಾಯಿಸ್ತೀವಾ’ ಅಂದರು. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಅವರು ಕೈ ಹಾಕಲಿಲ್ಲ. ಬುದ್ಧಿವಂತರು.

ನಮ್ಮ ಕಾರ್ಖಾನೆಯಲ್ಲಿ ಅಷ್ಟು ಬುದ್ಧಿ ಇರಲಿಲ್ಲ. ಏಪ್ರಿಲ್ 1ಕ್ಕೆ ಹೊಸ ವರ್ಷ, ಅವತ್ತೇ ಶುರು ಅಂತ ಹೊರಟೆವು. ಲೆಕ್ಕಕ್ಕೆ ಏಪ್ರಿಲ್ 1 ಸರಿ. ಸ್ಟೋರ್ಸ್‌ಗೆ ಅದು ಅತಿ ಕೆಟ್ಟ ದಿನ. ಮಾರ್ಚ್ ಕೊನೆಯ ವಾರ ಎಲ್ಲ ಸಪ್ಲೈಯರ್‌ಗಳೂ ಮಾಲು ತಳ್ಳುತ್ತಾರೆ. ನಾವು ರಾತ್ರಿ ಸ್ಟಾಕ್ ಎಣಿಸುತ್ತಿದ್ದಾಗ ಗೇಟಿಗೆ ಎರಡು ಗಾಡಿ ಬಂದವು. ಆ ಮಾಲನ್ನು ಎಣಿಸಿದವರೂ ಇದ್ದರು, ಎಣಿಸದವರೂ ಇದ್ದರು. ಓಪನಿಂಗ್ ಸ್ಟಾಕ್ ಮೊದಲ ದಿನವೇ ತಪ್ಪು.

ಇನ್ನೊಂದು ಎಡವಟ್ಟು. ಹಳೇ ಐಟಂ ಪಟ್ಟಿಯಲ್ಲಿ ಸಾವಿರಕ್ಕೂ ಮೀರಿ ಹೆಸರುಗಳನ್ನು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅದು ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಯುನಿಕೋಡ್ ಅಲ್ಲ. ಹೊಸ ಸಾಫ್ಟ್‌ವೇರಿಗೆ ಹಾಕಿದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚಿಹ್ನೆಗಳ ಗೋಜಲು. ಪರಿವರ್ತಿಸಲು ಉಪಕರಣಗಳಿವೆ, ಕಷ್ಟವೇನಿಲ್ಲ. ಆದರೆ ಅದನ್ನು ಒಂದು ತಿಂಗಳು ಮೊದಲು ಮಾಡಬೇಕಿತ್ತು. ಹಿಂದಿನ ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು. ನಿಮ್ಮಲ್ಲೂ ಬರಹ, ನುಡಿ ಕಾಲದ ಫೈಲುಗಳಿದ್ದರೆ ಇವತ್ತೇ ಒಂದನ್ನು ತೆರೆದು ನೋಡಿ. ಹಾಗೇ ಒಂದೇ ಬೋಲ್ಟ್‌ಗೆ ಏಳು ಹೆಸರು ಇರುವುದನ್ನೂ ಆಗಲೇ ಒಂದು ಮಾಡಿ.

ಎರಡನೆಯದು ಹಳೆಯದು, ಹೊಸದು ಎರಡನ್ನೂ ಜೊತೆಗೆ ಓಡಿಸುವುದು. ಪ್ಯಾರಲಲ್ ರನ್. ಕೇಳಲು ತುಂಬ ಸುರಕ್ಷಿತ ಅನ್ನಿಸುತ್ತದೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಆಣೆಯೂ ಕೆಲವು ವರ್ಷ ಜೊತೆಗೇ ಓಡಿತು. ಒಂದು ಆಣೆಗೆ ಆರೂಕಾಲು ಪೈಸೆ, ಸರಿಯಾಗಿ ಭಾಗವಾಗದ ಲೆಕ್ಕ. ಆಣೆ ಹೋದರೂ ಮಾತು ಹೋಗಲಿಲ್ಲ. 25 ಪೈಸೆಯ ನಾಣ್ಯ 2011ರ ಜೂನ್ 30ಕ್ಕೆ ನಿಂತಿತು, ಅಲ್ಲಿಯವರೆಗೂ ನಾವು ಅದನ್ನು ನಾಲ್ಕಾಣೆ ಅಂತಲೇ ಕರೆದೆವು. ಹಳೆಯದು ಕೈಗೆ ಸಿಗುವ ಹಾಗಿದ್ದರೆ ಜನ ಹಳೆಯದರಲ್ಲೇ ಯೋಚಿಸುತ್ತಾರೆ.

ದೇಶ ತಡೆದುಕೊಂಡಿತು. ಸ್ಟೋರ್ಸ್ ತಡೆದುಕೊಳ್ಳುವುದಿಲ್ಲ. ಲೆಕ್ಕ ಹಾಕಿ. ದಿನಕ್ಕೆ 60 ಎಂಟ್ರಿ, ಒಂದಕ್ಕೆ 3 ನಿಮಿಷ ಅಂದರೆ 180 ನಿಮಿಷ. ದಿನಾ ಮೂರು ಗಂಟೆ ಜಾಸ್ತಿ ಕೂರುವವರು ಯಾರು? ಯಾರೂ ಕೂರುವುದಿಲ್ಲ. ತಮಗೆ ನಂಬಿಕೆ ಇರುವುದನ್ನು ಆಗಿಂದಾಗ್ಗೆ ಬರೆಯುತ್ತಾರೆ, ಇನ್ನೊಂದನ್ನು ಶನಿವಾರ ಸಂಜೆ ನೋಡಿಕೊಂಡು ತುಂಬುತ್ತಾರೆ. ಆಮೇಲೆ ಎರಡೂ ತಾಳೆ ಆಗುತ್ತವೆ. ಆಗದೇ ಏನು, ಒಂದನ್ನು ನೋಡಿ ಇನ್ನೊಂದು ಬರೆದಿದ್ದಲ್ವಾ! ಹೊಸ ವ್ಯವಸ್ಥೆ ಸರಿ ಇದೆ ಅಂತ ಅದರಿಂದ ಏನೂ ಸಾಬೀತಾಗುವುದಿಲ್ಲ.

ಒಂದು ಕಡೆ ಮಾತ್ರ ನಾನು ಪ್ಯಾರಲಲ್ ರನ್ ಬಿಡುವುದಿಲ್ಲ. ಅದು ಸಂಬಳ. ಎರಡು ತಿಂಗಳು ಹಳೇ ಶೀಟು, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಹಾಕಿ, ಪ್ರತಿಯೊಬ್ಬರ ಪಿಎಫ್, ಇಎಸ್‌ಐ, ಓಟಿ ತಾಳೆ ನೋಡಬೇಕು. ಸ್ಟಾಕ್ ತಪ್ಪಿದರೆ ಓನರ್ ಬೈಯುತ್ತಾರೆ. ಸಂಬಳ ತಪ್ಪಿದರೆ ಒಬ್ಬರ ಮನೆಯ ಬಾಡಿಗೆ ನಿಲ್ಲುತ್ತದೆ. ಅವತ್ತಿನಿಂದ ಆ ಸಾಫ್ಟ್‌ವೇರಿನ ಹೆಸರು ಹೇಳಿದರೆ ಇಡೀ ಶಾಪ್ ಫ್ಲೋರ್ ಉರಿದು ಬೀಳುತ್ತದೆ.

ಮೂರನೆಯದು ಹಂತಹಂತವಾಗಿ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪಾಠ ಇದೆ. ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದಲ್ಲಿದ್ದವು, ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. 2000ದ ಆಸುಪಾಸಿನಲ್ಲಿ ಅವೆಲ್ಲ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್ ಆಗಿ ಕೈಗೆ ಬರುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ತಂತ್ರಜ್ಞಾನ ಅಲ್ಲ. ರಾಜ್ಯಕ್ಕೆಲ್ಲ ಒಂದೇ ದಿನ ಬದಲಾವಣೆ ಮಾಡಲಿಲ್ಲ, ತಾಲ್ಲೂಕಿಂದ ತಾಲ್ಲೂಕಿಗೆ ಹೋದರು. ಆದರೆ ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಕೇಂದ್ರ ತೆರೆದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆಯೇ ಇಲ್ಲ ಅಂತ ಅಧಿಸೂಚನೆ ಹೊರಡಿಸಿದರು. ಹರಡುವುದು ನಿಧಾನ, ಒಂದೊಂದು ಜಾಗದಲ್ಲಿ ಮಾತ್ರ ಕಟ್ಟುನಿಟ್ಟು.

ನಾನು ಈಗ ಎಲ್ಲ ಕಡೆ ಇದನ್ನೇ ಮಾಡುತ್ತೇನೆ. ಮೊದಲು ಗೇಟು. ಒಂದು ಸೋಮವಾರ ಬೆಳಿಗ್ಗೆಯಿಂದ ಅಲ್ಲಿ ಕಂಪ್ಯೂಟರ್ ಮಾತ್ರ, ರಿಜಿಸ್ಟರ್ ಮುಚ್ಚಿತು. ಮೂರು ವಾರ ಬಿಟ್ಟು ಸ್ಟೋರ್ಸ್. ಆಮೇಲೆ ಡಿಸ್ಪ್ಯಾಚ್ ಮತ್ತು ಇನ್‌ವಾಯ್ಸ್. ಪ್ರೊಡಕ್ಷನ್ ಕೊನೆಗೆ. ಕರೆಂಟ್ ಅಥವಾ ಇಂಟರ್‌ನೆಟ್ ಹೋದಾಗ ಬರೆಯಲು ನಂಬರ್ ಹಾಕಿದ ಹತ್ತು ಬಿಡಿ ಹಾಳೆ ಮಾತ್ರ ಗೇಟಿನಲ್ಲಿ ಇರುತ್ತವೆ. ಹತ್ತಕ್ಕಿಂತ ಜಾಸ್ತಿ ಕೊಟ್ಟರೆ ಅದೇ ಇನ್ನೊಂದು ರಿಜಿಸ್ಟರ್ ಆಗುತ್ತದೆ.

ನಾಲ್ಕೈದು ಶಾಖೆ ಇರುವವರು ಒಂದು ಶಾಖೆಯಲ್ಲಿ ಮೊದಲು ಮಾಡಿ ನೋಡಬಹುದು. ಎಲ್ಲಕ್ಕಿಂತ ಚೆನ್ನಾಗಿ ನಡೆಯುವ ಶಾಖೆ ಆರಿಸಬೇಡಿ, ಅಲ್ಲಿ ಏನು ಕೊಟ್ಟರೂ ನಡೆಯುತ್ತದೆ.

ಯಾರು ಎಲ್ಲಿ ನಿಂತಿದ್ದಾರೆ

ಬದಲಾವಣೆ ನಿಭಾಯಿಸುವುದಕ್ಕೆ ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ ಹಲವು ಮಾದರಿ ಹೇಳಿಕೊಡುತ್ತಾರೆ. ಕರ್ಟ್ ಲೆವಿನ್ 1947ರಲ್ಲಿ ಬರೆದ ಮೂರು ಹಂತ: ಕರಗಿಸು, ಬದಲಿಸು, ಗಟ್ಟಿ ಮಾಡು. ಜಾನ್ ಕಾಟರ್ 1995ರಲ್ಲಿ ಹೇಳಿದ ಎಂಟು ಹೆಜ್ಜೆ. ಪ್ರೊಸೈ ಸಂಸ್ಥೆಯ ಜೆಫ್ ಹಯಾಟ್ ಮಾಡಿದ ಅಡ್ಕರ್. ಮೂವತ್ತು ಜನರ ಕಾರ್ಖಾನೆಗೆ ಕಾಟರ್ ಅವರ ಎಂಟು ಹೆಜ್ಜೆ ಜಾಸ್ತಿಯಾಯಿತು, ಅದು ಸಾವಿರಾರು ಜನರ ಕಂಪನಿಯ ಮೇಲಧಿಕಾರಿಗಳಿಗೆ. ಲೆವಿನ್ ಅವರದು ನೆನಪಿಡಲು ಸುಲಭ, ಆದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಹೇಳುವುದಿಲ್ಲ.

ನನಗೆ ಉಪಯೋಗಕ್ಕೆ ಬಂದಿದ್ದು ಅಡ್ಕರ್. ಅದು ಒಬ್ಬೊಬ್ಬರನ್ನೇ ನೋಡುತ್ತದೆ. ಬದಲಾವಣೆ ಯಾಕೆ ಅಂತ ಗೊತ್ತಾ? ಮನಸ್ಸಿದೆಯಾ? ಹೇಗೆ ಅಂತ ಗೊತ್ತಾ? ಕೈಯಲ್ಲಿ ಮಾಡಲು ಬರುತ್ತಾ? ಮಾಡಿದ್ದು ಉಳಿಯುವ ಹಾಗೆ ಏನಾದರೂ ಇದೆಯಾ? ಐದೇ ಪ್ರಶ್ನೆ. ಯಾವ ಪ್ರಶ್ನೆಗೆ ಮೊದಲು ‘ಇಲ್ಲ’ ಬಂತೋ ಅಲ್ಲಿಂದ ಕೆಲಸ ಶುರು.

ಗೌಡ್ರಿಗೆ ಕಂಪ್ಯೂಟರ್ ಬರುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮೂರನೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಇನ್ನೊಂದು ದಿನ ಟ್ರೈನಿಂಗ್ ಕೊಡಿಸಿದೆವು. ಅವರು ಸುಮ್ನೆ ಕೂತು ಕೇಳಿ ಎದ್ದು ಹೋದರು. ಆಮೇಲೆ ಗೊತ್ತಾಯಿತು, ಮೊಬೈಲಿನಲ್ಲಿ ಮೊಮ್ಮಗಳ ಶಾಲೆ ಫೀಸು ಕಟ್ಟುವವರು ಅವರೇ. ಅವರು ನಿಂತಿದ್ದು ಎರಡನೇ ಪ್ರಶ್ನೆಯಲ್ಲಿ. ಆ ರಿಜಿಸ್ಟರ್ ಇದ್ದಷ್ಟು ದಿನ ಓನರ್ ಕೂಡ ಸ್ಟಾಕ್ ಕೇಳಲು ಗೇಟಿಗೆ ಬರಬೇಕಿತ್ತು. ‘ನನ್ನ ಚುಕ್ಕೆ ಇಲ್ಲದ ಮೇಲೆ ನಾನ್ಯಾಕೆ ಸ್ವಾಮಿ, ವಾಚ್‌ಮನ್ ಸಾಕಲ್ಲ’ ಅಂತ ಒಂದು ದಿನ ಅಂದರು. ಮಾರನೇ ವಾರ ಸಾಫ್ಟ್‌ವೇರಿನವರಿಗೆ ಹೇಳಿ ‘ಮಾಲಿನ ಸ್ಥಿತಿ’ ಅಂತ ಒಂದು ಕಾಲಂ ಹಾಕಿಸಿದೆವು. ಸರಿ, ತೂಕ ಕಮ್ಮಿ, ಫೋನ್ ಮಾಡಬೇಕು. ಅದನ್ನು ತುಂಬುವ ಅಧಿಕಾರ ಗೌಡ್ರ ಲಾಗಿನ್‌ಗೆ ಮಾತ್ರ. ಅರ್ಧ ದಿನದ ಕೆಲಸ.

ಕಲಿಸುವುದು: ಕ್ಲಾಸು, ವಿಡಿಯೊ, ಆಟ

ಕ್ಲಾಸ್ ರೂಂ ಟ್ರೈನಿಂಗ್ ಎಲ್ಲ ವೆಂಡರ್‌ಗಳೂ ಕೊಡುತ್ತಾರೆ. ಎರಡು ದಿನ, ಪ್ರೊಜೆಕ್ಟರ್, ಮಧ್ಯಾಹ್ನ ಊಟ. ಯಾಕೆ ಬದಲಾಗುತ್ತಿದ್ದೇವೆ ಅಂತ ಓನರ್ ಎದುರೆದುರು ಹೇಳಲು ಮೊದಲ ಒಂದು ಗಂಟೆ ತುಂಬ ಒಳ್ಳೆಯದು. ಉಳಿದದ್ದು ಊಟದ ಜೊತೆ ಜೀರ್ಣ. ಶುರುವಾಗುವುದಕ್ಕೆ ಎರಡು ವಾರ ಮೊದಲು ಕಲಿತದ್ದು ಆ ದಿನಕ್ಕೆ ಉಳಿದಿರುವುದಿಲ್ಲ.

ಪರದೆಯನ್ನು ರೆಕಾರ್ಡ್ ಮಾಡಿದ ವಿಡಿಯೊ ಅಗ್ಗ. ಓಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಮೊಬೈಲಿನಲ್ಲೂ ಆಗುತ್ತದೆ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮಾಡುವ ಕೆಲಸಗಳಿಗೆ ಇದೇ ಸರಿ. ಸ್ಟಾಕ್ ಕ್ಲೋಸಿಂಗ್, ಐಟಿಸಿ-04 ತೆಗೆಯುವುದು, ಹೀಗೆ. ಎರಡು ನಿಮಿಷ ಮೀರಬಾರದು. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದರೆ ಮೇಲೆ ಹೋಗಿಬಿಡುತ್ತದೆ, ಹುಡುಕುವವರು ಯಾರು? ಆಯಾ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರ್ ಮಾಡಿ ಇಡಿ.

ದಿನಾ ಮಾಡುವ, ತಪ್ಪಿದರೆ ದುಡ್ಡು ಹೋಗುವ ಕೆಲಸಕ್ಕೆ ನೋಡುವುದು ಸಾಲದು, ಒತ್ತಿ ನೋಡಬೇಕು. ಇಂಟರ್ಯಾಕ್ಟಿವ್ ಪಾಠ ಅನ್ನುತ್ತಾರಲ್ಲ, ಅದು ಇಲ್ಲಿ ಬೇಕು. ಇಂಥ ಪಾಠ ಮಾಡಲು ದೊಡ್ಡ ಕಂಪನಿಗಳು ಸ್ಟೋರಿಲೈನ್, ಕ್ಯಾಪ್ಟಿವೇಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತವೆ, ದುಬಾರಿ. ಎಚ್5ಪಿ ಓಪನ್ ಸೋರ್ಸ್, ವಿಡಿಯೊ ನಡುವೆ ಪ್ರಶ್ನೆ ಇಡಬಹುದು. ಟ್ವೈನ್‌ನಲ್ಲಿ ‘ಹೀಗೆ ಮಾಡಿದರೆ ಹೀಗಾಗುತ್ತದೆ’ ಅಂತ ಕವಲೊಡೆಯುವ ಕಥೆ ಮಾಡಬಹುದು, ಅದೂ ಪುಕ್ಕಟೆ. ನಿಜ ಹೇಳಬೇಕೆಂದರೆ ಪವರ್‌ಪಾಯಿಂಟ್‌ನಲ್ಲಿ ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟರೂ ಸಣ್ಣ ಘಟಕಕ್ಕೆ ಸಾಕಾಗುತ್ತದೆ.

ಗೇಟಿಗೆ ನಾವು ಮಾಡಿದ ಪಾಠ ಹನ್ನೆರಡು ಸ್ಲೈಡಿನದು. ಮೊದಲ ಸ್ಲೈಡಿನಲ್ಲಿ ನಮ್ಮದೇ ಗೇಟಿನ ಫೋಟೊ, ಒಂದು ಗಾಡಿ ನಿಂತಿದೆ. ಡ್ರೈವರ್ ಕೊಟ್ಟ ನಿಜವಾದ ಡಿಸಿಯ ಫೋಟೊ ಬರುತ್ತದೆ. ಡಿಸಿಯಲ್ಲಿ 250 ಕೆಜಿ, ತಕ್ಕಡಿಯಲ್ಲಿ 243. ಈಗ ಏನು ಹಾಕ್ತೀರಿ? 250 ಒತ್ತಿದರೆ ಮುಂದಿನ ಸ್ಲೈಡಿನಲ್ಲಿ ತಿಂಗಳ ಕೊನೆ, ಸಪ್ಲೈಯರ್ ಬಿಲ್, 7 ಕೆಜಿ ಇಲ್ಲದ ಮಾಲಿಗೂ ದುಡ್ಡು ಕೊಟ್ಟಿದ್ದೇವೆ. 243 ಒತ್ತಿ ‘ತೂಕ ಕಮ್ಮಿ’ ಆರಿಸಿದರೆ ಮುಂದಿನ ಗಾಡಿ. ದನಿ ಗೌಡ್ರದು. ‘ಅಯ್ಯೋ, ತಕ್ಕಡಿ ನೋಡ್ದೇ ಬರೆದ್ಯಲ್ಲಪ್ಪ’ ಅಂತ ಅವರೇ ಹೇಳಿ ರೆಕಾರ್ಡ್ ಮಾಡಿದ್ದು. ಆ ಒಂದು ಸಾಲು ಕೇಳಲೆಂದೇ ಹುಡುಗರು ಬೇಕಂತಲೇ ತಪ್ಪು ಒತ್ತುತ್ತಿದ್ದರು! ಒಡಿಶಾದಿಂದ ಬಂದ ಇಬ್ಬರು ಹೆಲ್ಪರ್‌ಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಫೋಟೊ, ಅಂಕಿ, ಬಣ್ಣ ಇದ್ದಿದ್ದರಿಂದ ಅವರಿಗೂ ಅರ್ಥವಾಯಿತು. ಮಾಡಲು ನನಗೆ ಎರಡು ಭಾನುವಾರ ಹಿಡಿಯಿತು.

ಇದಾದ ಮೇಲೆ ನಿಜವಾದ ಸಾಫ್ಟ್‌ವೇರಿನಲ್ಲೇ ಒಂದು ಸುಳ್ಳು ಕಂಪನಿ ಮಾಡಿ ಬಿಟ್ಟುಬಿಡಿ. ಟ್ಯಾಲಿಯಲ್ಲಿ ಇನ್ನೊಂದು ಕಂಪನಿ ತೆರೆಯುವುದು ಎರಡು ನಿಮಿಷದ ಕೆಲಸ. ಹೆಸರು ಮಾತ್ರ ದೊಡ್ಡದಾಗಿ ‘ಆಟದ ಕಂಪನಿ’ ಅಂತ ಇಡಿ. ಇಲ್ಲದಿದ್ದರೆ ಯಾರಾದರೂ ಅದರಲ್ಲೇ ನಿಜವಾದ ಇನ್‌ವಾಯ್ಸ್ ಮಾಡಿ ಗಿರಾಕಿಗೆ ಕಳಿಸುತ್ತಾರೆ. ಆಗಿದೆ.

ಕೆಲಸ ಮಾಡುವ ಪರದೆಯ ಮೇಲೇ ‘ಈಗ ಇಲ್ಲಿ ಒತ್ತಿ’ ಅಂತ ಬೆರಳು ತೋರಿಸುವ ಉಪಕರಣಗಳೂ ಇವೆ. ಬೆಂಗಳೂರಿನಲ್ಲೇ 2014ರಲ್ಲಿ ಶುರುವಾದ ವಾಟ್‌ಫಿಕ್ಸ್ ಅದನ್ನೇ ಮಾಡುತ್ತದೆ. ಇಸ್ರೇಲಿನ ವಾಕ್‌ಮಿಯೂ ಅಂಥದೇ, ಅದನ್ನು 2024ರಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಕೊಂಡುಕೊಂಡಿತು. ನೂರಾರು ಜನ, ಪದೇ ಪದೇ ಹೊಸಬರು ಬರುವ ಕಡೆ ಇವು ಸರಿ. ಮೂವತ್ತು ಜನರಿಗೆ ಬೇಡ, ಪಕ್ಕದಲ್ಲಿ ಕೂತವರೇ ಬೆರಳು ತೋರಿಸುತ್ತಾರೆ.

ಪಾಠ ಯಾವುದರಲ್ಲಿ ಮಾಡಿದರೂ ಮೂಲ ಫೈಲ್ ನಿಮ್ಮ ಹತ್ತಿರ ಇರಲಿ. ಒಂದು ಕಡೆ ವೆಂಡರ್ ಕೊಟ್ಟಿದ್ದ ಅಷ್ಟೂ ಪಾಠಗಳು ಬ್ರೌಸರಿನಲ್ಲಿ ಓಡುತ್ತಿದ್ದ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರಿನಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು. ಜನವರಿಯಲ್ಲಿ ಹೊಸ ಹುಡುಗನಿಗೆ ತೋರಿಸಲು ಹೋದರೆ ಬರೀ ಬೂದು ಚೌಕ. ಮೂಲ ಫೈಲ್ ಕೇಳಿದರೆ ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು.

ಹಳೇ ರಿಜಿಸ್ಟರ್ ಏನು ಮಾಡುವುದು

ಬಿಸಾಡಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಕಟ್ಟಬೇಕಾದ ದಿನದಿಂದ 72 ತಿಂಗಳು ಇಡಬೇಕು. ಕಂಪನಿ ಆಗಿದ್ದರೆ ಲೆಕ್ಕದ ಪುಸ್ತಕಗಳನ್ನು 8 ವರ್ಷ. ಆದರೆ ಗೇಟಿನಲ್ಲಿ ಇಡಬೇಡಿ, ಕಣ್ಣಿಗೆ ಕಾಣುವ ಕಡೆ ಎಲ್ಲೂ ಬೇಡ. ಕೊನೆಯ ಎಂಟ್ರಿಯ ಕೆಳಗೆ ಅಡ್ಡಗೆರೆ ಎಳೆದು, ದಿನಾಂಕ, ಹೊತ್ತು ಬರೆದು ಇಬ್ಬರು ಸಹಿ ಹಾಕಿ. ಎರಡನೇ ಸಲ ನಾವು ಸರಿಯಾಗಿ ಶುರು ಮಾಡಿದಾಗ ಹಾಗೆ ಮಾಡಿದೆವು. ಆಯುಧಪೂಜೆ ಮುಗಿದ ಮರುವಾರ, ಸೋಮವಾರ, ಬೆಳಿಗ್ಗೆ ಎಂಟೂವರೆ. ಮೊದಲ ಸಹಿ ಗೌಡ್ರದು. ಅವರೇ ಅದನ್ನು ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಮಾರ್ಕರ್‌ನಲ್ಲಿ ವರ್ಷ ಬರೆದು ಅಟ್ಟದ ಮೇಲಿಟ್ಟರು. ರಿಜಿಸ್ಟರ್‌ಗೆ ದಾರ ಕಟ್ಟಿ ನೇತುಹಾಕಿದ್ದ ಪೆನ್ನು ಮಾತ್ರ ಗೇಟಿನಲ್ಲೇ ಉಳಿಯಿತು. ಕೊರಿಯರ್‌ನವರು ಬಂದರೆ ಸಹಿ ಹಾಕಲು ಬೇಕು ಅಂದರು.